ಮಾರಿ ಬಂದು ಹೋಯಿತು, ಚಳಿಜ್ವರ ಉಳಿಯಿತು

(ಮಡಿಕೇರಿಯಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಕಾಫಿ ಬೆಳೆಗಾರರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಕಾಫಿಯ ಎಲೆ ತುಕ್ಕು ರೋಗದಿಂದಲೇ ಶುರು ಮಾಡೋಣ. ಇಲ್ಲಿ ಕೂತವರಲ್ಲಿ ಬಹಳ ಮಂದಿಗೆ ತೋಟವಿದೆ. ಅರೇಬಿಕಾ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಮುಂದೇನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಆ ಶಿಲೀಂಧ್ರ ಅಲ್ಲಿನ ಕಾಫಿಯನ್ನು ಎರಡು ಮೂರು ದಶಕದಲ್ಲಿ ನೆಲಕಚ್ಚಿಸಿತು, ದ್ವೀಪ ಚಹಾಕ್ಕೆ ತಿರುಗಿಕೊಂಡಿತು. ನಮ್ಮಲ್ಲಿ ಕಾಫಿ ಉಳಿಯಿತು. ಅದರಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಪಾಲೂ ಇದೆ, ತಳಿಯ ಪಾಲೂ ಇದೆ. ಎಸ್.795 ಎಂಬ ಅರೇಬಿಕಾ ತಳಿಯ ತುಕ್ಕು ತಡೆಯುವ ಗುಣ ಮೂಲತಃ ಅರೇಬಿಕಾದ್ದಲ್ಲ. ಲೈಬೀರಿಕಾ ಎಂಬ ಬೇರೆ ಜಾತಿಯ ಜೊತೆ ತಾನಾಗಿಯೇ ಬೆರೆತ ಗಿಡದ ಸಂತತಿಯಿಂದ ಬಂದ ವಂಶವಾಹಿ ಅದು. ಆ ಸಂತತಿಯನ್ನು ಕೆಂಟ್ಸ್ ತಳಿಯ ಜೊತೆ ಸಂಕರ ಮಾಡಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಗೆ ಬಿಟ್ಟರು. ಮುಂದೆ ತುಕ್ಕು ಹೊಸ ಹೊಸ ರೂಪ ತಾಳಿ ಆ ಬೇಲಿಯನ್ನೂ ಹಾರಿತು.

ರೋಗ ಬರುವುದು, ತಡೆಯುವ ಗುಣ ಹರಡುವುದು, ಕೆಲವೊಮ್ಮೆ ಆ ಗುಣ ಬೇರೆ ಜಾತಿಯಿಂದ ಎರವಲು ಬರುವುದು, ರೋಗ ಮತ್ತೆ ದಾರಿ ಹುಡುಕಿಕೊಳ್ಳುವುದು ಎಲ್ಲವೂ ಮನುಷ್ಯರ ಚರಿತ್ರೆಯಲ್ಲೂ ಇವೆ. ಆದರೆ ಗಿಡದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಿತ್ತುಹಾಕಬೇಕು ಎಂದು ಒಬ್ಬರು ನಿಂತು ಆರಿಸುತ್ತಾರೆ. ಮನುಷ್ಯರಲ್ಲಿ ಆರಿಸುವವರಿಲ್ಲ. ಯಾವ ಮಗು ಐದು ವರ್ಷ ದಾಟಿತು, ಯಾವುದು ದಾಟಲಿಲ್ಲ ಎಂಬುದೇ ಅಲ್ಲಿಯ ಆಯ್ಕೆ.

ರೋಗಗಳು ನಮ್ಮ ವಂಶವಾಹಿಯಲ್ಲಿ ಬಿಟ್ಟ ಗುರುತಿನ ಮಾತು ಎತ್ತಿದಾಗೆಲ್ಲ ಜನರ ಮನಸ್ಸಿಗೆ ಮೊದಲು ಬರುವುದು ಪ್ಲೇಗು, ಸಿಡುಬು, ಇನ್‌ಫ್ಲುಯೆಂಜಾ. ಊರಿಗೆ ಊರೇ ಖಾಲಿಯಾದ ಕಾಲ ನೆನಪಿನಲ್ಲಿ ಉಳಿಯುವುದು ಸಹಜ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದಿಂದ. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದೂ ಆಗಲೇ. ಹೀಗೆ ಊರಿನ ನಕ್ಷೆಯನ್ನೇ ಬದಲಿಸಿದ ಮಾರಿ ವಂಶವಾಹಿಯಲ್ಲೂ ಗುರುತು ಬಿಟ್ಟಿರಬೇಕು ಅನಿಸುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಒಮ್ಮೆ ಬಂದು ಹೋದ ಮಾರಿ ನಾವು ಅಂದುಕೊಂಡಷ್ಟು ಗುರುತು ಬಿಡುವುದಿಲ್ಲ. ವರ್ಷವರ್ಷವೂ ಅದೇ ಮನೆಗೆ ಬಂದು ಅದೇ ಜಗಲಿಯಲ್ಲಿ ಕೂರುವ ಜ್ವರ ಬಿಡುತ್ತದೆ. ಯಾಕೆಂದು ಲೆಕ್ಕ ಹಾಕಿ ನೋಡೋಣ.

1000 ಜನರ ಊರು ಅಂದುಕೊಳ್ಳಿ. ಅವರಲ್ಲಿ 200 ಮಂದಿಗೆ ಒಂದು ರಕ್ಷಕ ವಂಶವಾಹಿ ಇದೆ, 800 ಮಂದಿಗೆ ಇಲ್ಲ. ಭಯಂಕರ ಮಾರಿಯೊಂದು ಬಂದು, ಇಲ್ಲದವರಲ್ಲಿ ನೂರಕ್ಕೆ 40 ಮಂದಿಯನ್ನು, ಇರುವವರಲ್ಲಿ ನೂರಕ್ಕೆ 30 ಮಂದಿಯನ್ನು ಕೊಲ್ಲುತ್ತದೆ. ಉಳಿದವರು 480 ಮತ್ತು 140, ಒಟ್ಟು 620. ರಕ್ಷಣೆ ಇದ್ದವರ ಪಾಲು ನೂರಕ್ಕೆ 20 ಇದ್ದದ್ದು 22.6 ಆಯಿತು, ಅಷ್ಟೇ. ಊರಿನ ಮೂರನೇ ಒಂದಕ್ಕಿಂತ ಹೆಚ್ಚು ಜನ ಸತ್ತರೂ ಬದಲಾವಣೆ ನೂರಕ್ಕೆ ಮೂರಕ್ಕಿಂತ ಕಡಿಮೆ.

ಇದನ್ನು ಸಾವಿರಾರು ವರ್ಷದ ನಂತರ ಗೋರಿ ಅಗೆದು ಪತ್ತೆ ಹಚ್ಚಬೇಕು. ಸಿಕ್ಕಿದ್ದು 100 ಅಸ್ಥಿಪಂಜರ ಎಂದಿಟ್ಟುಕೊಳ್ಳಿ. 100 ಜನರ ಮಾದರಿಯಲ್ಲಿ ಆಕಸ್ಮಿಕವಾಗಿಯೇ ನೂರಕ್ಕೆ 4ರಷ್ಟು ಆಚೀಚೆ ಆಗುತ್ತದೆ. ಹುಡುಕುವ ವ್ಯತ್ಯಾಸ 2.6, ತಕ್ಕಡಿಯ ತಪ್ಪೇ 4. ಏಲಕ್ಕಿ ತೂಗಲು ಕಾಫಿ ಮೂಟೆಯ ತಕ್ಕಡಿ ಹಿಡಿದ ಹಾಗೆ.

ಲೆಕ್ಕ ಹೇಳಿದ ಈ ಎಚ್ಚರಿಕೆ ನಿಜವಾಗಿಯೂ ಬೇಕಾಯಿತು. 14ನೇ ಶತಮಾನದ ಮಧ್ಯದಲ್ಲಿ ಯುರೋಪಿನ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಕೊಂದ ಪ್ಲೇಗಿನ ಬಗ್ಗೆ 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಲಂಡನ್ ಮತ್ತು ಡೆನ್ಮಾರ್ಕಿನ 206 ಮಂದಿಯ ಹಳೆಯ ಮೂಳೆಗಳ ಡಿಎನ್‌ಎ ಓದಿ, ಇಆರ್‌ಎಪಿ2 ಎಂಬ ವಂಶವಾಹಿಯ ಒಂದು ರೂಪ ತಂದೆ ತಾಯಿ ಇಬ್ಬರಿಂದಲೂ ಬಂದವರು ಬದುಕುಳಿಯುವ ಸಾಧ್ಯತೆ ಸುಮಾರು ನೂರಕ್ಕೆ 40ರಷ್ಟು ಹೆಚ್ಚು ಎಂದಿತು. ಅದೇ ರೂಪ ಇಂದು ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎಂಬುದೂ ಸೇರಿ ಸುದ್ದಿ ಜಗತ್ತಿನೆಲ್ಲೆಡೆ ಓಡಿತು. ನಂತರ ಬೇರೆ ಸಂಖ್ಯಾಶಾಸ್ತ್ರಜ್ಞರು ಅದೇ ದತ್ತಾಂಶವನ್ನು ಇಸ್ಪೀಟೆಲೆಯಂತೆ ಕಲಸಿ ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಗುರುತು ಗಟ್ಟಿಯಾಗಿ ನಿಲ್ಲಲಿಲ್ಲ. ಕೇಂಬ್ರಿಡ್ಜ್‌ಶೈರಿನ ಗೋರಿಗಳ ಇನ್ನೊಂದು ಅಧ್ಯಯನಕ್ಕೂ ಅದಕ್ಕೆ ಬೆಂಬಲ ಸಿಗಲಿಲ್ಲ. ಸಿಸಿಆರ್5 ಎಂಬ ವಂಶವಾಹಿಯ ಕಥೆಯೂ ಹೀಗೆಯೇ. ಅದರಲ್ಲಿ ಡಿಎನ್‌ಎಯ 32 ಅಕ್ಷರ ಉದುರಿದ ರೂಪ ಎರಡೂ ಕಡೆಯಿಂದ ಬಂದವರಿಗೆ ಎಚ್‌ಐವಿ ತಗಲುವುದು ತೀರಾ ಅಪರೂಪ. ಯುರೋಪಿನಲ್ಲಿ ಅದು ಇಷ್ಟು ಹರಡಲು ಪ್ಲೇಗು ಕಾರಣ ಎಂದು ಮೊದಲು, ಇಲ್ಲ ಸಿಡುಬು ಎಂದು ಆಮೇಲೆ ವಾದಿಸಿದರು. ಪ್ಲೇಗಿಗಿಂತ ಸಾವಿರಾರು ವರ್ಷ ಹಳೆಯ ಮೂಳೆಗಳಲ್ಲೇ ಅದು ಸಿಕ್ಕಿದಾಗ ಪ್ಲೇಗಿನ ವಾದ ಸೊರಗಿತು.

ನಮ್ಮ ನೆಲದಲ್ಲಿ ಇಂಥ ಅಗೆತ ಇನ್ನೂ ಕಷ್ಟ. ಹಳೆಯ ಡಿಎನ್‌ಎ ಚೆನ್ನಾಗಿ ಉಳಿಯುವುದು ಕಿವಿಯ ಒಳಭಾಗವನ್ನು ಸುತ್ತಿರುವ ಗಟ್ಟಿ ಮೂಳೆಯಲ್ಲಿ. ಅದನ್ನು ಕೊರೆದು ಒಂದು ಚಿಟಿಕೆಗಿಂತ ಕಡಿಮೆ ಪುಡಿ ತೆಗೆಯುತ್ತಾರೆ. ಸಿಗುವುದು ಐವತ್ತು ಅರವತ್ತು ಅಕ್ಷರದ ಚೂರುಗಳು. ಚೂರಿನ ತುದಿಗಳಲ್ಲಿ ಸಿ ಅಕ್ಷರ ಕೊಳೆತು ಟಿ ಆಗಿ ಓದಿಸಿಕೊಳ್ಳುತ್ತದೆ. ಈ ಕೊಳೆತವೇ ಅದು ಹಳೆಯದು, ಅಗೆದವರ ಬೆವರಿನದಲ್ಲ ಎಂಬುದಕ್ಕೆ ಸಾಕ್ಷಿ. ಬಿಸಿಲು, ತೇವ, ಹುಳಿಮಣ್ಣು ಮೂರೂ ಡಿಎನ್‌ಎಗೆ ಶತ್ರುಗಳು. ಒಣ ಹರಿಯಾಣದ ರಾಖಿಗಢಿಯಲ್ಲೇ ಅರವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಒಂದರಿಂದ ಮಾತ್ರ ಓದಬಲ್ಲ ಡಿಎನ್‌ಎ ಬಂತು. ಅದು 2019ರಲ್ಲಿ ಪ್ರಕಟವಾಯಿತು. ಕೊಡಗಿನ ಮಳೆಯಲ್ಲಿ, ಜನ ಪಾಂಡವರ ಹೆಸರಿಟ್ಟು ಕರೆಯುವ ಕಲ್ಲುಗೋರಿಗಳೊಳಗೆ, ಮೂಳೆಯೇ ಕರಗಿರುತ್ತದೆ. ಹಾಗಾಗಿ ನಮ್ಮ ಕಡೆಯ ರೋಗಚರಿತ್ರೆಯನ್ನು ಬದುಕಿರುವವರ ರಕ್ತದಲ್ಲಿ ಓದಬೇಕು. ಅದರಲ್ಲಿ ಎದ್ದು ಕಾಣುವ ಅಕ್ಷರ ಚಳಿಜ್ವರದ್ದು, ಅಂದರೆ ಮಲೇರಿಯಾದ್ದು.

ಇಷ್ಟೊಂದು ದಪ್ಪ ಅಕ್ಷರ ಯಾಕೆ? ಮಲೇರಿಯಾ ಪ್ರತಿ ಮಳೆಗಾಲ ಬರುತ್ತಿತ್ತು, ಪ್ರತಿ ತಲೆಮಾರನ್ನೂ ಮುಟ್ಟುತ್ತಿತ್ತು, ಅದು ಬೇರೂರಿದ ಕಡೆ ಹೆಚ್ಚಾಗಿ ಕೊಲ್ಲುತ್ತಿದ್ದುದು ಇನ್ನೂ ಮಕ್ಕಳಾಗದ ವಯಸ್ಸಿನವರನ್ನು, ಅದರಲ್ಲೂ ಐದು ವರ್ಷದೊಳಗಿನವರನ್ನು. ಪಶ್ಚಿಮ ಘಟ್ಟದಲ್ಲಿ ಅದನ್ನು ಹೊತ್ತು ತರುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಚರಂಡಿಯ ಕೊಳಕು ನೀರು ಅದಕ್ಕೆ ಬೇಡ. ತೊರೆಯ ಅಂಚು, ಗದ್ದೆಯ ಕಾಲುವೆ, ಮೆಲ್ಲಗೆ ಹರಿಯುವ ತಿಳಿನೀರು ಬೇಕು. ಕೊಡಗಿನಲ್ಲಿ ಅದಕ್ಕೇನು ಕೊರತೆ! 1947ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಮಂದಿ ಸಾಯುತ್ತಿದ್ದರು ಎಂಬುದು ಆಗಿನ ಅಂದಾಜು. 1953ರಲ್ಲಿ ಡಿಡಿಟಿ ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ಬರುವವರೆಗೆ ಘಟ್ಟದ ಕಾಡಂಚಿನಲ್ಲಿ ಊರು ಕಟ್ಟಿದವರಿಗೆ ಜ್ವರದ ತೆರಿಗೆ ತಪ್ಪಿದ್ದಲ್ಲ.

ಈಗ ಇದೇ ಲೆಕ್ಕವನ್ನು ಜ್ವರಕ್ಕೆ ಹಾಕಿ. ಒಂದು ವಂಶವಾಹಿ ನೂರರಲ್ಲಿ ಒಂದರಷ್ಟಿದೆ, ಅದನ್ನು ಹೊತ್ತವರಿಗೆ ತಲೆಮಾರಿಗೆ ನೂರಕ್ಕೆ 10ರಷ್ಟು ಮಾತ್ರ ಹೆಚ್ಚಿನ ಅನುಕೂಲ ಎಂದುಕೊಳ್ಳಿ. ಚಕ್ರಬಡ್ಡಿಯಂತೆ 1.1ನ್ನು 30 ಸಲ ಗುಣಿಸಿದರೆ 17 ಪಟ್ಟು. ಮೂವತ್ತು ತಲೆಮಾರು, ಅಂದರೆ ಏಳೂವರೆ ನೂರು ವರ್ಷದಲ್ಲಿ, ನೂರಕ್ಕೆ ಒಂದಿದ್ದದ್ದು ನೂರಕ್ಕೆ ಹದಿನೈದರ ಹತ್ತಿರ ಹೋಗುತ್ತದೆ. ಯಾವ ಗುಡಿಯನ್ನೂ ಕಟ್ಟಿಸದ, ಯಾವ ಬಡಾವಣೆಯನ್ನೂ ಎಬ್ಬಿಸದ ಜ್ವರ ಇಷ್ಟು ಕೆಲಸ ಮಾಡುತ್ತದೆ.

ಈ ಯೋಚನೆಯನ್ನು 1949ರಲ್ಲಿ ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಒಬ್ಬರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಸಾಕ್ಷಿ ಒದಗಿಸಿದರು. ಸರೋವರದ ದಂಡೆ, ಕರಾವಳಿಯಂಥ ಜ್ವರದ ಜಾಗಗಳಲ್ಲಿ ಸಿಕಲ್ ಸೆಲ್ ವಂಶವಾಹಿ ಹೆಚ್ಚು. ತಂಪು ಎತ್ತರದ ನೆಲದಲ್ಲಿ ಕಡಿಮೆ. ಭಾರತದಲ್ಲಿ ಈ ವಂಶವಾಹಿ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯಲ್ಲಿ. ನೀಲಗಿರಿ, ವಯನಾಡು, ಮೈಸೂರಿನ ಕಾಡಂಚು ಸೇರಿದ ಆ ಪಟ್ಟಿಯಲ್ಲೇ ನಾಗರಹೊಳೆ, ಕುಟ್ಟ, ತಿತಿಮತಿ ಕಡೆಯ ಬುಡಕಟ್ಟು ಜನರ ಹಾಡಿಗಳೂ ಬರುತ್ತವೆ. ಹಾಗೆಂದು ಇದನ್ನು ಇಂಥ ಜನಾಂಗದ ಕಾಯಿಲೆ ಎಂದು ಕರೆಯುವುದು ಅಜ್ಞಾನ. ಜ್ವರ ಜಾತಿ ಕೇಳಿ ಬರಲಿಲ್ಲ, ಜಾಗ ನೋಡಿ ಬಂತು.

ಸಿಕಲ್ ಸೆಲ್ಲಿನಲ್ಲಿ ಬದಲಾದದ್ದು ಒಂದೇ ಒಂದು ಅಕ್ಷರ. 11ನೇ ವರ್ಣತಂತುವಿನಲ್ಲಿರುವ ಬೀಟಾ ಗ್ಲೋಬಿನ್ ವಂಶವಾಹಿಯಲ್ಲಿ ಜಿಎಜಿ ಇದ್ದದ್ದು ಜಿಟಿಜಿ ಆಗಿದೆ. ಅದರಿಂದ 146 ಅಮೈನೋ ಆಮ್ಲಗಳ ಸರದಲ್ಲಿ ಆರನೆಯ ಮಣಿ ಗ್ಲೂಟಮಿಕ್ ಆಮ್ಲದ ಬದಲು ವ್ಯಾಲೀನ್ ಆಗುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಇಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತದೆ, ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಅದು ರೋಗ: ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಒಬ್ಬರಿಂದ ಮಾತ್ರ ಬಂದರೆ ಅವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರೇ. ಈ ವಾಹಕರ ಕಣದೊಳಗೆ ಮಲೇರಿಯಾ ಪರೋಪಜೀವಿ ಹೊಕ್ಕರೆ ಕಣ ಬೇಗ ಬಾಗುತ್ತದೆ, ಹೊಟ್ಟೆಯ ಎಡಗಡೆಯ ಅಂಗವಾದ ಗುಲ್ಮ ಅದನ್ನು ಹಿಡಿದು ನಾಶ ಮಾಡುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಳ್ಳುವ ಪರೋಪಜೀವಿಯ ಹಿಡಿತವೂ ಸಡಿಲವಾಗುತ್ತದೆ. ಹೆಚ್ಚು ಕೊಲ್ಲುವ ಬಗೆಯಾದ ಫಾಲ್ಸಿಪಾರಮ್ ಮಲೇರಿಯಾ ತೀವ್ರವಾಗುವ ಅಪಾಯ ವಾಹಕರಿಗೆ ಸುಮಾರು ನೂರಕ್ಕೆ 90ರಷ್ಟು ಕಡಿಮೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ವಾಹಕರಿಗೆ ಮಲೇರಿಯಾ ಬರುವುದೇ ಇಲ್ಲ ಎಂಬುದು ಒಂದು. ಬರುತ್ತದೆ, ಸೊಳ್ಳೆಪರದೆ ಅವರಿಗೂ ಬೇಕು. ತಪ್ಪುವುದು ಸಾವಿನ ಮಟ್ಟದ ತೀವ್ರತೆ. ಇನ್ನೊಂದು, ಸಿಕಲ್ ಸೆಲ್ ರೋಗಿಗೂ ರಕ್ಷಣೆ ಇದೆ ಎಂಬುದು. ಇದು ಅಪಾಯಕಾರಿ. ರೋಗಿಯ ರಕ್ತ ಮೊದಲೇ ಕಡಿಮೆ, ಗುಲ್ಮ ಮೊದಲೇ ಕೆಟ್ಟಿರುತ್ತದೆ. ಅಂಥವರಿಗೆ ಮಲೇರಿಯಾ ತಗಲಿದರೆ ಜೀವಕ್ಕೇ ಕುತ್ತು.

ವಾಹಕರ ಲಾಭ, ರೋಗಿಗಳ ನಷ್ಟದ ಈ ವ್ಯಾಪಾರ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸಾಮಾನ್ಯ ಮಕ್ಕಳಲ್ಲಿ ನೂರಕ್ಕೆ 10 ಮಂದಿ ಮಲೇರಿಯಾದಿಂದ ಸಾಯುತ್ತಾರೆ, ಎರಡು ಕಡೆಯಿಂದ ಸಿಕಲ್ ಬಂದವರು ಯಾರೂ ಉಳಿಯುವುದಿಲ್ಲ, ವಾಹಕರು ಎಲ್ಲರೂ ಉಳಿಯುತ್ತಾರೆ ಎಂದುಕೊಂಡರೆ, ವಂಶವಾಹಿಯ ಪಾಲು 11ರಲ್ಲಿ 1ಕ್ಕೆ ಬಂದು ನಿಲ್ಲುತ್ತದೆ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 165 ವಾಹಕರು, 8 ರೋಗಿಗಳು. ಆ 8 ಮಕ್ಕಳ ಸಾವಿನ ಮೇಲೆ 165 ಮಕ್ಕಳ ರಕ್ಷಣೆ ನಿಂತಿದೆ. ಪ್ರಕೃತಿ ಜಾಣೆ ಎಂದು ಹೊಗಳುವವರು ಈ 8ನ್ನು ಮರೆಯುತ್ತಾರೆ.

ಮಲೇರಿಯಾ ಹೋದರೆ? ಸಾಲ ಕೊಟ್ಟವನು ಊರು ಬಿಟ್ಟರೂ ಬಡ್ಡಿ ನಿಲ್ಲುವುದಿಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ವಂಶವಾಹಿಯ ಪಾಲು ಮುಂದಿನ ತಲೆಮಾರಿಗೆ 12ರಲ್ಲಿ 1, ಆಮೇಲೆ 13ರಲ್ಲಿ 1, ಹೀಗೆ ಇಳಿಯುತ್ತದೆ. ಅರ್ಧಕ್ಕೆ ಇಳಿಯಲು 11 ತಲೆಮಾರು, ಸುಮಾರು 275 ವರ್ಷ ಬೇಕು. ಡಿಡಿಟಿ ಬಂದು ಇನ್ನೂ ಮೂರು ತಲೆಮಾರು ಕಳೆದಿಲ್ಲ. ಚಿಕಿತ್ಸೆಯಿಂದ ರೋಗಿಗಳೂ ಬದುಕಿ ಸಂಸಾರ ಮಾಡುವ ಕಾಲದಲ್ಲಿ ಇಳಿಕೆ ಇನ್ನೂ ನಿಧಾನ, ಅದು ಒಳ್ಳೆಯದೇ. ಹಾಗಾಗಿ ಕಾದು ಕೂರುವುದರಲ್ಲಿ ಅರ್ಥವಿಲ್ಲ, ತಪಾಸಣೆ ಮಾಡಬೇಕು. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು.

ಹಾಡಿಯಲ್ಲಿ ಮಾಡುವ ಕರಗುವಿಕೆ ಪರೀಕ್ಷೆಯನ್ನು ಕಾರ್ಯಕರ್ತೆಯರು ನೋಡಿರುತ್ತೀರಿ. ಡೈಥಯೋನೈಟ್ ಎಂಬ ರಾಸಾಯನಿಕ ಪುಡಿ ಬೆರೆಸಿದ 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಹಾಕಿ, ಕಲಕಿ, ಐದು ನಿಮಿಷ ಬಿಟ್ಟು, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುವುದು. ಗೆರೆ ಕಂಡರೆ ಸಿಕಲ್ ಇಲ್ಲ, ಮಬ್ಬಾಗಿ ಮರೆಯಾದರೆ ಇದೆ. ತಪ್ಪುವುದು ಎಲ್ಲಿ ಗೊತ್ತೇ? ಡೈಥಯೋನೈಟ್ ಗಾಳಿ, ತೇವ ತಗಲಿದರೆ ಕೆಡುತ್ತದೆ. ಮಳೆಗಾಲದ ಕೊಡಗಿನಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಬೇಗ ನಿಷ್ಪ್ರಯೋಜಕ. ಅದಕ್ಕೇ ದಿನವೂ ಗೊತ್ತಿರುವ ಒಂದು ಪಾಸಿಟಿವ್, ಒಂದು ನೆಗೆಟಿವ್ ರಕ್ತವನ್ನು ಜೊತೆಗಿಟ್ಟು ನೋಡಬೇಕು. ರಕ್ತ ತೀರಾ ಕಡಿಮೆ ಇದ್ದವರಲ್ಲಿ 20 ಮೈಕ್ರೋಲೀಟರಿನಲ್ಲಿ ಹಿಮೋಗ್ಲೋಬಿನ್ನೇ ಸಾಲದೆ ಸುಳ್ಳು ನೆಗೆಟಿವ್ ಬರುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ನೀವು ಪರೀಕ್ಷಿಸುತ್ತಿರುವುದು ಅರ್ಧ ದಾನಿಯ ರಕ್ತವನ್ನು. ಎಲ್ಲಕ್ಕಿಂತ ಮುಖ್ಯ, ಈ ಪರೀಕ್ಷೆ ವಾಹಕರು ಯಾರು, ರೋಗಿ ಯಾರು ಎಂದು ಬೇರ್ಪಡಿಸುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಎಂಬ ಪ್ರಯೋಗಾಲಯ ಪರೀಕ್ಷೆ ಬೇಕು. ವಾಹಕರಲ್ಲಿ ಸಿಕಲ್ ಹಿಮೋಗ್ಲೋಬಿನ್ ಅರ್ಧಕ್ಕಿಂತ ಕಡಿಮೆ, ಸಾಮಾನ್ಯ ಹಿಮೋಗ್ಲೋಬಿನ್ನೇ ಹೆಚ್ಚು ಇರುತ್ತದೆ. ಬರೀ ಮಬ್ಬು ಕೊಳವೆ ನೋಡಿ "ನಿನಗೆ ಕಾಯಿಲೆ ಇದೆ" ಎಂದು ಯಾರಿಗೂ ಹೇಳಬೇಡಿ. ಆ ಮಾತು ಮದುವೆ ಮುರಿಯುತ್ತದೆ.

ಮಲೇರಿಯಾ ಬಿಟ್ಟ ಗುರುತು ಇದೊಂದೇ ಅಲ್ಲ. ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಥಲಸ್ಸೀಮಿಯಾ, ಈಶಾನ್ಯ ಭಾರತದಲ್ಲಿ ಹೆಚ್ಚಿರುವ ಹಿಮೋಗ್ಲೋಬಿನ್ ಇ ಕೂಡ ಅದರ ಮಕ್ಕಳೇ. ವಿಚಿತ್ರವೆಂದರೆ ಎರಡು ರಕ್ಷಣೆ ಸೇರಿದರೆ ಎರಡು ಪಟ್ಟು ಆಗುವುದಿಲ್ಲ. ಸಿಕಲ್ ವಾಹಕತ್ವವೂ ಆಲ್ಫಾ ಥಲಸ್ಸೀಮಿಯಾವೂ ಒಟ್ಟಿಗೇ ಇದ್ದ ಮಕ್ಕಳಲ್ಲಿ ರಕ್ಷಣೆ ಹೆಚ್ಚುಕಡಿಮೆ ಇಲ್ಲವಾದದ್ದನ್ನು 2005ರಲ್ಲಿ ಕೀನ್ಯಾದ ಅಧ್ಯಯನ ತೋರಿಸಿತು. ಪಶ್ಚಿಮ ಮತ್ತು ಮಧ್ಯ ಆಫ್ರಿಕದಲ್ಲಿ ಬಹುತೇಕ ಎಲ್ಲರ ಕೆಂಪುಕಣದ ಮೇಲೂ ಡಫಿ ಎಂಬ ಬಾಗಿಲೇ ಇಲ್ಲ. ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ಒಳಬರಲು ಬಳಸುತ್ತಿದ್ದುದು ಅದನ್ನೇ. ಆದರೆ ಮಡಗಾಸ್ಕರ್, ಇಥಿಯೋಪಿಯಾಗಳಲ್ಲಿ ಆ ಬಾಗಿಲಿಲ್ಲದವರಿಗೂ ವೈವಾಕ್ಸ್ ತಗಲಿದ್ದು ಈಗ ಕಂಡುಬಂದಿದೆ. ಎಸ್.795ರ ಕಥೆಯೇ ಮರುಕಳಿಸಿತು.

ನಮಗೆ ದಿನನಿತ್ಯ ತಾಕುವುದು ಜಿ6ಪಿಡಿ ಎಂಬ ಕೆಂಪುಕಣದ ಕಿಣ್ವದ ಕೊರತೆ. ಇದೂ ಮಲೇರಿಯಾದ ಬಳುವಳಿ. ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಪೂರ್ಣ ಕೊರತೆ ಗಂಡಸರಲ್ಲಿ ಹೆಚ್ಚು. ಮಾಮೂಲಿ ದಿನಗಳಲ್ಲಿ ಗೊತ್ತೇ ಆಗುವುದಿಲ್ಲ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಮತ್ತೆ ಮರಳದಂತೆ ಪ್ರೈಮಾಕ್ವಿನ್ ಕೊಡುತ್ತಾರಲ್ಲ, ದೇಹದ ತೂಕದ ಕಿಲೋಗೆ 0.25 ಮಿ.ಗ್ರಾಂ.ನಂತೆ 14 ದಿನ, ಆಗ ಕೊರತೆ ಇದ್ದವರ ಕೆಂಪುಕಣಗಳು ಒಡೆಯಲಾರಂಭಿಸುತ್ತವೆ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಸುಸ್ತು, ಉಸಿರುಗಟ್ಟುವಿಕೆ. ಕಂಡ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಆ ಮಾತ್ರೆ ಕೊಡುವಂತೆಯೇ ಇಲ್ಲ. ಇನ್ನೊಂದು ಸೂಕ್ಷ್ಮ: ಕಣ ಒಡೆಯುತ್ತಿರುವಾಗಲೇ ಜಿ6ಪಿಡಿ ಪರೀಕ್ಷಿಸಿದರೆ ಫಲಿತಾಂಶ ಸರಿಯಾಗಿಯೇ ಇದೆ ಎಂದು ಬರಬಹುದು. ಹಳೆಯ ಕಣಗಳು ಒಡೆದುಹೋಗಿ, ಕಿಣ್ವ ಹೆಚ್ಚಿರುವ ಎಳೆಯ ಕಣಗಳಷ್ಟೇ ಉಳಿದಿರುತ್ತವೆ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಬೇಕು.

ಮಲೇರಿಯಾ ಬಿಟ್ಟರೆ ಮನೆಯೊಳಗೆ ಕೂತ ಇನ್ನೊಂದು ರೋಗ ಗಂಗಾ ಮುಖಜ ಭೂಮಿಯ ಕಾಲರಾ. ಅಲ್ಲಿ ಒ ರಕ್ತಗುಂಪಿನವರ ಪ್ರಮಾಣ ಕಡಿಮೆ; ಒ ಗುಂಪಿನವರಿಗೆ ಕಾಲರಾ ತೀವ್ರವಾಗುತ್ತದೆ. ಅದೇ ಒ ಗುಂಪು ತೀವ್ರ ಫಾಲ್ಸಿಪಾರಮ್ ಮಲೇರಿಯಾದಿಂದ ಸ್ವಲ್ಪ ಕಾಪಾಡುತ್ತದೆ. ಒಳ್ಳೆಯ ರಕ್ತ, ಕೆಟ್ಟ ರಕ್ತ ಎಂಬುದು ಇಲ್ಲ. ಯಾವ ನೀರಿನ ಪಕ್ಕದಲ್ಲಿ ಮನೆ ಎಂಬುದರ ಮೇಲೆ ಹೋಗುತ್ತದೆ.

ಲೈಬೀರಿಕಾಗೆ, ಅಂದರೆ ಬೇರೆ ಜಾತಿಯಿಂದ ಬರುವ ಎರವಲಿಗೆ ಮರಳೋಣ. ಐವತ್ತು ಸಾವಿರ ವರ್ಷದಷ್ಟು ಹಿಂದೆ ನಮ್ಮ ಪೂರ್ವಜರು ಈಗ ಅಳಿದುಹೋದ ನಿಯಾಂಡರ್ತಾಲ್ ಮನುಷ್ಯರ ಜೊತೆ ಬೆರೆತರು. ಅಲ್ಲಿಂದ ಬಂದ ಒಂದು ತುಂಡು 3ನೇ ವರ್ಣತಂತುವಿನಲ್ಲಿದೆ, ಸುಮಾರು 50 ಸಾವಿರ ಅಕ್ಷರಗಳ ಉದ್ದ. 2020ರಲ್ಲಿ ಹ್ಯೂಗೋ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ಅದನ್ನು ತೀವ್ರ ಕೋವಿಡ್ಡಿನ ಅಪಾಯಕ್ಕೆ ಜೋಡಿಸಿದರು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಈ ತುಂಡು ಒಂದಾದರೂ ಇದೆ, ಯುರೋಪಿನಲ್ಲಿ ನೂರಕ್ಕೆ 16 ಮಂದಿಯಲ್ಲಿ, ಪೂರ್ವ ಏಷ್ಯಾದಲ್ಲಿ ಬಹುತೇಕ ಇಲ್ಲ. ನಮ್ಮಲ್ಲಿ ಯಾಕೆ ಇಷ್ಟು? ಹಿಂದೆ ಯಾವುದೋ ಬೇರೆ ರೋಗದಿಂದ ಕಾಪಾಡಿರಬಹುದು, ಕಾಲರಾ ಎಂಬ ಊಹೆಯೂ ಇದೆ, ಸಾಬೀತಾಗಿಲ್ಲ. ಅದೇ ನಿಯಾಂಡರ್ತಾಲರಿಂದ 12ನೇ ವರ್ಣತಂತುವಿಗೆ ಬಂದ ಇನ್ನೊಂದು ತುಂಡು ಕೋವಿಡ್ಡಿನಿಂದ ಕಾಪಾಡುತ್ತದೆ. ಎರವಲಿನಲ್ಲಿ ಎರಡೂ ಬಂದವು.

ಸಭಿಕರ ಪ್ರಶ್ನೆಗಳು

"ಸರ್, ಕೋವಿಡ್ಡಿನಲ್ಲಿ ಉಳಿದವರ ಮಕ್ಕಳು ಗಟ್ಟಿಯಾಗಿರುತ್ತಾರಾ?"

ವಂಶವಾಹಿಯ ಲೆಕ್ಕದಲ್ಲಿ ಇಲ್ಲವೆಂದೇ ಹೇಳಬೇಕು. ಆಯ್ಕೆ ನಡೆಯುವುದು ಮಕ್ಕಳಾಗುವ ಮೊದಲೇ ಸತ್ತವರ ಮೂಲಕ. ಕೋವಿಡ್ಡಿನಲ್ಲಿ ಹೆಚ್ಚಾಗಿ ತೀರಿಕೊಂಡವರು ವಯಸ್ಸಾದವರು. ಅವರ ವಂಶವಾಹಿ ಮಕ್ಕಳಿಗೆ ಆಗಲೇ ಹೋಗಿತ್ತು. 1918ರ ಇನ್‌ಫ್ಲುಯೆಂಜಾ 20ರಿಂದ 40ರ ಪ್ರಾಯದವರನ್ನು ಹೆಚ್ಚು ಕೊಂದಿತು, ಭಾರತದಲ್ಲೇ ಕೋಟಿಗೂ ಮೀರಿ. ಆದರೂ ಅದು ಬಂದದ್ದು ಕೆಲವೇ ಅಲೆಗಳಲ್ಲಿ.

"ಮಂಗನ ಕಾಯಿಲೆಗೆ ಮಲೆನಾಡಿನವರು ಒಗ್ಗಿಕೊಂಡಿಲ್ಲವೇ?"

ಅದು ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದದ್ದು 1957ರಲ್ಲಿ. ಮೂರು ತಲೆಮಾರು ಸಾಲದು. ಒಮ್ಮೆ ಬಂದು ಗುಣವಾದವರಲ್ಲಿ ಇರುವ ಪ್ರತಿಕಾಯ ಅವರದೇ ಜೀವಿತಕ್ಕೆ ಸೇರಿದ್ದು, ಮಕ್ಕಳಿಗೆ ವಂಶವಾಹಿಯಾಗಿ ಹೋಗುವುದಿಲ್ಲ. ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ.

"ಗಂಡ ಹೆಂಡತಿ ಇಬ್ಬರೂ ವಾಹಕರು. ಮೊದಲ ಮಗುವಿಗೆ ಸಿಕಲ್ ಸೆಲ್ ರೋಗ ಇದೆ. ನಾಲ್ಕರಲ್ಲಿ ಒಂದು ಅಂತೀರಲ್ಲ, ಮುಂದಿನ ಮೂರಕ್ಕೆ ಭಯವಿಲ್ಲ ಅಲ್ವಾ?"

ಹಾಗಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರು. ಪ್ರತಿ ಸಲವೂ ರೋಗದ ಸಾಧ್ಯತೆ ನೂರಕ್ಕೆ 25, ವಾಹಕವಾಗುವುದು 50, ಎರಡೂ ಇಲ್ಲದಿರುವುದು 25. ಬಸಿರಾದ ಕೂಡಲೇ ವೈದ್ಯರಿಗೆ ಹೇಳಿದರೆ ಹುಟ್ಟುವ ಮೊದಲೇ ಪರೀಕ್ಷಿಸುವ ವ್ಯವಸ್ಥೆ ದೊಡ್ಡ ಆಸ್ಪತ್ರೆಗಳಲ್ಲಿದೆ.

"ಈಗ ಪ್ರಶ್ನೆ ಕೇಳಿದ ಮೇಡಂ ಹೇಳಿದ್ದ ಮನೆಗೇ ನಾನೂ ಹೋಗಿದ್ದೆ. ಎರಡನೇ ಮಗುವಿಗೆ ಮೂರು ತಿಂಗಳು, ಕೊಳವೆ ಪರೀಕ್ಷೆ ನೆಗೆಟಿವ್ ಬಂತು. ಸಿಕಲ್ ಇಲ್ಲ ಅಂತ ಬರೆದುಬಿಡಬಹುದಾ?"

ಬರೆಯಬೇಡಿ. ಮೂರು ತಿಂಗಳಲ್ಲಿ ಆ ಮಗುವಿನ ರಕ್ತದಲ್ಲಿ ಗರ್ಭದ ಕಾಲದ ಹಿಮೋಗ್ಲೋಬಿನ್ ಇನ್ನೂ ಬಹಳ ಉಳಿದಿರುತ್ತದೆ, ಅದಕ್ಕೆ ಬಾಗುವ ಗುಣವಿಲ್ಲ, ಕೊಳವೆ ತಿಳಿಯಾಗಿಯೇ ಕಾಣುತ್ತದೆ. ಆ ವಯಸ್ಸಿಗೆ ಕೊಳವೆ ಪರೀಕ್ಷೆಯೇ ಹೊಂದುವುದಿಲ್ಲ. ಹಿಮ್ಮಡಿಯ ರಕ್ತವನ್ನು ಈಗಲೇ ಎಚ್‌ಪಿಎಲ್‌ಸಿಗೆ ಕಳಿಸಿ. ಒಂದು ವರ್ಷ ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಕಾರ್ಡಿನಲ್ಲಿ "ಫಲಿತಾಂಶ ಬಾಕಿ" ಎಂದಿರಲಿ. ಕೈಕಾಲಿನ ಬೆರಳು ಊದಿದರೆ, ಜ್ವರ ಬಂದರೆ, ಮಗು ಬಿಳಿಚಿಕೊಂಡರೆ, ಹೊಟ್ಟೆಯ ಎಡಭಾಗ ಗಟ್ಟಿಯಾಗಿ ಉಬ್ಬಿದರೆ ಅದೇ ದಿನ ಆಸ್ಪತ್ರೆಗೆ ಕರೆತರಲು ತಾಯಿಗೆ ಹೇಳಿಡಿ.